ಹಳೆಯ ಬೇಸ್‌ಬಾಲ್ ಬ್ಯಾಟೊಂದರ ವಿಚಾರವಾಗಿ ಚಿಕ್ಕಪ್ಪನವರಿಗೆ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ, ಲೂಯಿವಿಲ್‌ನಿಂದ ನಿಮ್ಮ ಅಣ್ಣನ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನೀವು ಬರೆದ ಪತ್ರವೂ ಅದರೊಡನೆ ಕಳುಹಿಸಿದ ಫೋಟೋಗಳೂ ತಲುಪಿದವು. ಬಾಸ್ಟನ್ ಹತ್ತಿರ ನೆಲೆಸಿರುವ ನಿಮ್ಮ ಸ್ನೇಹಿತರ ಮಗನಿಗೆ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಒಂದು ಬೇಸ್‌ಬಾಲ್ ಬ್ಯಾಟ್ ತೋರಿಸಿ, ಇದು ಬಾಸ್ಟನ್ ತಂಡದ ಹೆಸರಾಂತ ಆಟಗಾರ ಟೆಡ್ ವಿಲಿಯಮ್ಸ್ ಪಂದ್ಯದಲ್ಲಿ ಆಡಿದ ಬ್ಯಾಟ್ ಎಂದು ಹೇಳಿ, ಆರು ಸಾವಿರ ಡಾಲರ್, ಅಂದರೆ ಐದು ಲಕ್ಷ ರೂಪಾಯಿಗೂ ಮಿಕ್ಕಿದ ಬೆಲೆ ಕೇಳುತ್ತಿದ್ದಾನೆಂದೂ, ಬ್ಯಾಟುಗಳ ಊರಿನಲ್ಲಿಯೇ ಇರುವ ನಾನು ನೋಡಿ ಹೇಳಬೇಕೆಂದೂ ಬರೆದಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಹಣ ಕೊಡುವುದು ಬೇಡ. ಏಕೆಂಬುದನ್ನು ಮಾತ್ರ ವಿವರವಾಗಿ ಬರೆಯಬೇಕಾಗಿದೆ. ಸಾಗರದಲ್ಲಿ ಇಷ್ಟು ವರ್ಷ ಸಾಮಿಲ್ ನಡೆಸಿ, ಮರದ ಎಳೆ ನೋಡಿಯೇ ಅದರ ಗುಣ ಹೇಳುವ ನಿಮಗೆ ಈ ವಿಷಯ ನನಗಿಂತ ಚೆನ್ನಾಗಿ ಹಿಡಿಸೀತು.

ಈ ಊರಿನಲ್ಲಿ ಜರ್ಮನಿಯಿಂದ ಬಂದ ಹಿಲೆರಿಕ್ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಮರಗೆಲಸದ ಅಂಗಡಿ ನಡೆಸುತ್ತಿದ್ದರು. ಮಂಚದ ಕಾಲು, ಮೆಟ್ಟಿಲ ಕಟಕಟೆಯ ಕಂಬ, ಬೆಣ್ಣೆ ಕಡೆಯುವ ಕಡೆಗೋಲಿನ ಪೆಟ್ಟಿಗೆ, ಇವೇ ಅವರ ಸರಕು. ಮನೆಯ ಮಗ 1884ರಲ್ಲಿ ಪೀಟ್ ಬ್ರೌನಿಂಗ್ ಎಂಬ ಸ್ಥಳೀಯ ಆಟಗಾರನಿಗೆ ಲೇತ್ ಮೇಲೆ ಒಂದು ಬ್ಯಾಟ್ ಕಡೆದುಕೊಟ್ಟನೆಂಬ ಕಥೆಯಿಂದ ‘ಲೂಯಿವಿಲ್ ಸ್ಲಗ್ಗರ್’ ಎಂಬ ಹೆಸರಿನ ಬ್ಯಾಟು ಶುರುವಾಗುತ್ತದೆ. 1905ರಲ್ಲಿ ಹೋನಸ್ ವ್ಯಾಗ್ನರ್ ಎಂಬ ದೊಡ್ಡ ಆಟಗಾರ ತನ್ನ ಸಹಿಯನ್ನು ಬ್ಯಾಟಿನ ಮೇಲೆ ಅಚ್ಚು ಹಾಕಲು ಒಪ್ಪಂದ ಮಾಡಿಕೊಂಡ. 1916ರಲ್ಲಿ ಕಂಪನಿಗೆ ಹಿಲೆರಿಕ್ ಅಂಡ್ ಬ್ರಾಡ್ಸ್‌ಬಿ ಎಂಬ ಹೆಸರಾಯಿತು. ಅಂದಿನಿಂದ ಹಲವು ದಶಕಗಳ ಕಾಲ ಅಮೆರಿಕದ ಬಹುಪಾಲು ದೊಡ್ಡ ಆಟಗಾರರ ಕೈಯಲ್ಲಿದ್ದದ್ದು ಇದೇ ಕಂಪನಿಯ ಬ್ಯಾಟ್ ಆದ್ದರಿಂದ, ಹಳೆಯ ಬ್ಯಾಟುಗಳ ಪರೀಕ್ಷೆಯೆಂದರೆ ಹೆಚ್ಚಾಗಿ ಈ ಊರಿನ ಮುದ್ರೆಗಳನ್ನು ಓದುವುದೇ ಆಗಿದೆ.

ಇಲ್ಲಿಯೇ ಮೊದಲ ತೊಡಕು ಇರುವುದು. ಆ ವ್ಯಾಪಾರಿ ಬ್ಯಾಟಿನ ಮೇಲಿರುವ ಟೆಡ್ ವಿಲಿಯಮ್ಸ್ ಸಹಿಯನ್ನೇ ದೊಡ್ಡ ಸಾಕ್ಷಿಯೆಂದು ತೋರಿಸಿದ್ದಾನೆ. ಆದರೆ ಅದು ಕೈಬರಹವಲ್ಲ, ಕಾಯಿಸಿದ ಲೋಹದ ಅಚ್ಚಿನಿಂದ ಮರವನ್ನು ಸುಟ್ಟು ಮೂಡಿಸಿದ ಗುರುತು. ಒಪ್ಪಂದ ಮಾಡಿಕೊಂಡ ಆಟಗಾರರ ಸಹಿ ಅವರು ಆಡುವ ಬ್ಯಾಟಿನ ಮೇಲೂ ಇರುತ್ತಿತ್ತು, ಶಾಲೆಯ ಮಕ್ಕಳು ಅಂಗಡಿಯಲ್ಲಿ ಕೊಳ್ಳುತ್ತಿದ್ದ ಬ್ಯಾಟಿನ ಮೇಲೂ ಇರುತ್ತಿತ್ತು. ಕಂಪನಿಗೆ ಆ ಸಹಿಯ ಹಕ್ಕು ಬೇಕಾಗಿದ್ದದ್ದೇ ಅಂಗಡಿಯ ಮಾರಾಟಕ್ಕಾಗಿ. ಒಪ್ಪಂದವಿಲ್ಲದ ಸಾಧಾರಣ ಆಟಗಾರನ ಬ್ಯಾಟಿಗೆ ಸಹಿಯ ಬದಲು ಅವನ ಹೆಸರನ್ನು ಬರಿಯ ಅಚ್ಚಕ್ಷರಗಳಲ್ಲಿ ಒತ್ತುತ್ತಿದ್ದರು. ಅಂಥ ಹೆಸರಿನ ಬ್ಯಾಟನ್ನು ಅಂಗಡಿಯಲ್ಲಿ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ, ಯಾರಿಗೂ ನೆನಪಿಲ್ಲದ ಆಟಗಾರನ ಅಚ್ಚಕ್ಷರದ ಬ್ಯಾಟ್ ನಿಜವಾದ ಪಂದ್ಯದ ಬ್ಯಾಟ್ ಆಗಿರುವ ಸಂಭವವೇ ಹೆಚ್ಚು.

ಇನ್ನು ನೀವು ಕಳುಹಿಸಿದ ಮೂರನೆಯ ಫೋಟೋ ನೋಡಿ. ಹಿಡಿಯ ತುದಿಯಲ್ಲಿ ಕೈ ಜಾರದಂತೆ ಬಿಟ್ಟ ಗುಬಟಿನ ತಳದಲ್ಲಿ ‘34’ ಎಂದು ಒತ್ತಿದೆ. ಅದು ಬ್ಯಾಟಿನ ಉದ್ದ, ಇಂಚುಗಳಲ್ಲಿ. ಗಿರಾಕಿ ತನ್ನ ಅಳತೆಯ ಬ್ಯಾಟನ್ನು ಬೇಗ ಆರಿಸಿಕೊಳ್ಳಲೆಂದು ಅಂಗಡಿಯ ಬ್ಯಾಟಿಗೆ ಹೀಗೆ ಗುರುತು ಹಾಕುತ್ತಿದ್ದರು. ವೃತ್ತಿಪರ ಆಟಗಾರನಿಗೆಂದು ಕಾರ್ಖಾನೆಯಲ್ಲಿ ಮಾಡಿದ ಬ್ಯಾಟಿಗೆ ಈ ಗುರುತು ಬೇಕಿರಲಿಲ್ಲ, ಏಕೆಂದರೆ ಅವನ ಅಳತೆ ಕಂಪನಿಯ ಪುಸ್ತಕದಲ್ಲಿಯೇ ಇರುತ್ತಿತ್ತು. 1940ರ ದಶಕದ ನಡುಭಾಗದಿಂದ ವೃತ್ತಿಪರರ ಬ್ಯಾಟಿನ ಗುಬಟಿನ ಮೇಲೆ ಒತ್ತುತ್ತಿದ್ದದ್ದು ಮಾದರಿಯ ಸಂಖ್ಯೆಯನ್ನು. ಆ ಆಕಾರದ ಬ್ಯಾಟನ್ನು ಮೊದಲು ಯಾವ ಆಟಗಾರನಿಗಾಗಿ ಕಡೆದರೋ ಅವನ ಮನೆತನದ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಕ್ರಮಸಂಖ್ಯೆ. ಬೇಬ್ ರೂತ್‌ನ ಪ್ರಸಿದ್ಧ ಮಾದರಿ ‘ಆರ್ 43’. ಹೋಸೆ ಕಾರ್ಡೆನಾಲ್‌ಗಾಗಿ ಮಾಡಿದ ‘ಸಿ 271’ ಮುಂದೆ ಎಷ್ಟೋ ಆಟಗಾರರ ಮೆಚ್ಚಿನ ಆಕಾರವಾಯಿತು. 1970ರ ದಶಕದ ನಡುವೆ ಈ ಸಂಖ್ಯೆ ಗುಬಟಿನಿಂದ ಬ್ಯಾಟಿನ ದಪ್ಪ ಭಾಗಕ್ಕೆ, ಇವರು ಬ್ಯಾರಲ್ ಎನ್ನುವ ಕಡೆಗೆ ಹೋಯಿತು.

ಮುದ್ರೆಯ ನಡುವಿನ ಬರಹವೂ ಕಾಲವನ್ನು ಹೇಳುತ್ತದೆ. ‘ಪವರೈಸ್ಡ್’ ಎಂಬ ಮಾತು ಕಾಣಿಸಿಕೊಳ್ಳುವುದು 1930ರ ದಶಕದ ಆರಂಭದಿಂದ. 1980ರ ಸುಮಾರಿಗೆ ನಡುವಿನಲ್ಲಿದ್ದ ಹಿಲೆರಿಕ್ ಅಂಡ್ ಬ್ರಾಡ್ಸ್‌ಬಿ ಹೆಸರು ಹೋಗಿ ಲೂಯಿವಿಲ್ ಸ್ಲಗ್ಗರ್ ಎಂದಾಯಿತು. ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿದ 1976ರಲ್ಲಿ ಲಿಬರ್ಟಿ ಗಂಟೆಯ ಚಿತ್ರವನ್ನು ಬ್ಯಾಟಿನ ಮೇಲೆ ಒತ್ತಿದರು. 1960ರಲ್ಲಿ ಆಟ ಬಿಟ್ಟ ವಿಲಿಯಮ್ಸ್‌ನ ಹೆಸರಿನಲ್ಲಿ 1980ರ ಮುದ್ರೆಯ ಬ್ಯಾಟನ್ನು ತೋರಿಸಿದರೆ ಮುಂದೆ ಮಾತೇ ಬೇಕಿಲ್ಲ. ನಿಮ್ಮ ಫೋಟೋದ ಮುದ್ರೆ ಮಾತ್ರ ಹಳೆಯದೇ. ಅಷ್ಟರಮಟ್ಟಿಗೆ ಬ್ಯಾಟ್ ಪ್ರಾಮಾಣಿಕವಾದದ್ದು.

ಮುದ್ರೆಗಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಕಾರ್ಖಾನೆಯ ಲೆಕ್ಕದ ದಾಖಲೆ. ಯಾವ ಆಟಗಾರ ಯಾವ ದಿನ ಯಾವ ಮಾದರಿಯ, ಎಷ್ಟು ಉದ್ದದ, ಎಷ್ಟು ತೂಕದ ಬ್ಯಾಟುಗಳನ್ನು ತರಿಸಿಕೊಂಡನೆಂಬ 1930ರ ದಶಕದಿಂದೀಚಿನ ದಾಖಲೆಗಳು ಬಹುಮಟ್ಟಿಗೆ ಉಳಿದಿವೆ. ಪರೀಕ್ಷಕರು ಕೈಯಲ್ಲಿರುವ ಬ್ಯಾಟನ್ನು ಅಳೆದು, ತೂಗಿ, ಅದನ್ನು ಆ ದಾಖಲೆಗೆ ಹೊಂದಿಸಿ ನೋಡುತ್ತಾರೆ. ತೂಕ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕೆಂದೇನಿಲ್ಲ. ಐವತ್ತು ಅರವತ್ತು ವರ್ಷ ಅಟ್ಟದ ಮೇಲೆ ಒಣಗಿದ ಮರ ಒಂದಿಷ್ಟು ಹಗುರಾಗುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 1930ರ ದಶಕಕ್ಕೂ ಹಿಂದಿನ ಬ್ಯಾಟುಗಳಿಗೆ ಬೇರೊಂದು ಸಾಕ್ಷಿ ಸಿಗುವುದುಂಟು. ಕೈಗೆ ಹೊಂದಿದ ಬ್ಯಾಟ್ ಒಡೆದಾಗ ಆಟಗಾರ ಅದನ್ನೇ ಕಾರ್ಖಾನೆಗೆ ಕಳುಹಿಸಿ, ಇಂಥದೇ ಇನ್ನಷ್ಟು ಮಾಡಿಕೊಡಿ ಎಂದು ಕೇಳುತ್ತಿದ್ದ. ಅಲ್ಲಿನ ಕೆಲಸಗಾರ ಬಂದ ಬ್ಯಾಟಿನ ಪಕ್ಕದ ಮೇಲೆ ಮೇಣದ ಪೆನ್ಸಿಲಿನಿಂದ ಆಟಗಾರನ ಹೆಸರು, ಊರು, ತಾರೀಖು ಬರೆದಿಡುತ್ತಿದ್ದ. ಕೆಲಸದ ಅನುಕೂಲಕ್ಕೆಂದು ಅವನು ಅವಸರದಲ್ಲಿ ಗೀಚಿದ ಆ ಒಂದು ಸಾಲು ಇಂದು ಬ್ಯಾಟಿನ ಬೆಲೆಯನ್ನು ಎಷ್ಟೋ ಪಟ್ಟು ಏರಿಸುತ್ತದೆ. ಮೇನ್ ಸ್ಟ್ರೀಟಿನ ವಸ್ತುಸಂಗ್ರಹಾಲಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೂಲ ಮಾದರಿಯ ಬ್ಯಾಟುಗಳನ್ನು ಗೂಡುಗಳಲ್ಲಿ ಜೋಡಿಸಿಟ್ಟಿದ್ದಾರೆ. ನೀವು ಇಲ್ಲಿಗೆ ಬಂದಾಗ ಮೊದಲು ಕರೆದೊಯ್ಯುವುದು ಅಲ್ಲಿಗೇ.

ನನ್ನ ಮನಸ್ಸನ್ನು ಸೆಳೆದದ್ದು ಮಾತ್ರ ಮುದ್ರೆಯೂ ಅಲ್ಲ, ಕಾಗದವೂ ಅಲ್ಲ, ಆಟದಿಂದ ಮರದ ಮೈಮೇಲೆ ಬಿದ್ದ ಗುರುತುಗಳು. ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು ಇಂಥ ಬ್ಯಾಟುಗಳನ್ನು ಕೂಡಿಸಿಟ್ಟಿದ್ದಾರೆ. ಅವರು 1950ರ ದಶಕದ ಒಂದು ಬ್ಯಾಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದಾಗ, ಬ್ಯಾರಲ್‌ನ ಒಂದು ಪಕ್ಕದಲ್ಲಿ ಚೆಂಡಿನ ಹೊಲಿಗೆಯ ಪಡಿಯಚ್ಚು, ಸಣ್ಣ ಸಣ್ಣ ಗೀರುಗಳ ಸಾಲಾಗಿ ಸ್ಪಷ್ಟವಾಗಿ ಮೂಡಿತ್ತು. ಅದರ ಪಕ್ಕದಲ್ಲಿಯೇ ಚೆಂಡಿನ ಮೇಲಿನ ಶಾಯಿ ಹತ್ತಿಕೊಂಡ ನೀಲಿ ಕಲೆ. ಇನ್ನಷ್ಟು ಕೆಳಗೆ ಹಸಿರು ಬಣ್ಣದ ಉದ್ದನೆಯ ಗೆರೆಗಳಿದ್ದವು. ಅವು ಮೈದಾನದ ಪಕ್ಕದಲ್ಲಿ ಬ್ಯಾಟ್ ಇಡುವ ಬಣ್ಣ ಬಳಿದ ಗೂಡಿಗೆ ಉಜ್ಜಿ ಬಂದವು. ಬೂಟಿನ ತಳದ ಲೋಹದ ಮೊಳೆಗಳಲ್ಲಿ ಸಿಕ್ಕಿದ ಮಣ್ಣನ್ನು ಉದುರಿಸಲು ಬ್ಯಾಟಿನಿಂದ ಬೂಟನ್ನು ತಟ್ಟಿದ್ದರಿಂದಾದ ಕಚ್ಚುಗಳೂ ಇದ್ದವು. ಹಿಡಿಯ ಮೇಲೆ ಕೈ ಜಾರದಿರಲೆಂದು ಹಚ್ಚುವ ಪೈನ್ ಮರದ ಟಾರು ಗಟ್ಟಿಯಾಗಿ ಕಪ್ಪುಗಟ್ಟಿತ್ತು, ಗುಬಟಿನ ಮೇಲೆ ಆಟಗಾರನ ಅಂಗಿಯ ಸಂಖ್ಯೆಯನ್ನು ಶಾಯಿಯಲ್ಲಿ ಬರೆದಿತ್ತು, ಹಿಡಿಯಲ್ಲಿ ಒಂದು ಸೀಳಿತ್ತು. ಸೀಳನ್ನು ಕಂಡು ನಾನು ಇದು ಕೊರತೆಯಲ್ಲವೇ ಎಂದು ಕೇಳಿದ್ದಕ್ಕೆ, ಬ್ಯಾಟ್ ಆಟಗಾರನ ಕೈ ಬಿಟ್ಟು ಹೊರಗೆ ಬಂದದ್ದೇ ಆ ಸೀಳಿನಿಂದ, ಒಡೆಯದ ಬ್ಯಾಟನ್ನು ಅವನು ಯಾಕೆ ಬಿಟ್ಟುಕೊಡುತ್ತಿದ್ದ ಎಂದರು.

ಗುರುತುಗಳು ಇದ್ದರೆ ಸಾಲದು, ಅವು ಇರಬೇಕಾದ ಕಡೆ ಇರಬೇಕು. ಹಳೆಯ ಬ್ಯಾಟುಗಳು ಹೆಚ್ಚಿನವು ಆ್ಯಶ್ ಮರದವು. ಆ ಮರದಲ್ಲಿ ವರ್ಷದ ಬಳೆಗಳು ಅಗಲವಾಗಿ ಹರಡಿ ಕಾಣುವ ಮುಖಕ್ಕೆ ಚೆಂಡು ಮತ್ತೆ ಮತ್ತೆ ಬಡಿದರೆ ಪದರು ಏಳುತ್ತದೆ. ಎಳೆಗಳು ಒತ್ತೊತ್ತಾಗಿ ನೇರ ಗೆರೆಗಳಂತೆ ಕಾಣುವ ಪಕ್ಕಕ್ಕೆ ಬಡಿದರೆ ತಡೆದುಕೊಳ್ಳುತ್ತದೆ. ಆದ್ದರಿಂದ ಕಂಪನಿಯವರು ಮುದ್ರೆಯನ್ನು ದುರ್ಬಲವಾದ ಅಗಲ ಮುಖದ ಮೇಲೆ ಒತ್ತುತ್ತಾರೆ, ಆಟಗಾರ ಮುದ್ರೆಯನ್ನು ಮೇಲಕ್ಕೆ ಮಾಡಿ ಹೊಡೆಯಲು ಕಲಿತಿರುತ್ತಾನೆ. ಹಾಗೆ ಹಿಡಿದ ಬ್ಯಾಟನ್ನು ಹಿಡಿಯ ಕಡೆಯಿಂದ ನೋಡಿದರೆ, ಬಲಗೈ ಆಟಗಾರನ ಚೆಂಡಿನ ಗುರುತುಗಳು ಎಡಪಕ್ಕದಲ್ಲಿಯೂ ಎಡಗೈ ಆಟಗಾರನವು ಬಲಪಕ್ಕದಲ್ಲಿಯೂ ಒಟ್ಟಾಗಿರುತ್ತವೆ. ವಿಲಿಯಮ್ಸ್ ಎಡಗೈ ಆಟಗಾರ. ಬ್ಯಾಟಿನ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನವರು ವಿರಳ. ಈ ಊರಿನ ಕಾರ್ಖಾನೆಗೆ ತಾನೇ ಬಂದು ಮರ ಆರಿಸುತ್ತಿದ್ದನೆಂದು ಇಲ್ಲಿ ಇಂದಿಗೂ ಹೇಳುತ್ತಾರೆ. ನಿಮ್ಮ ಫೋಟೋದ ಬ್ಯಾಟಿನಲ್ಲಾದರೋ ಏಟುಗಳು ಸುತ್ತಲೂ ಇವೆ, ಮುದ್ರೆಯ ಮೇಲೆಯೇ ಬಿದ್ದ ಏಟುಗಳೂ ಇವೆ, ಪದರು ಎದ್ದಿರುವುದು ಅಗಲ ಮುಖದಲ್ಲಿ. ಅದನ್ನು ಹಲವು ಕೈಗಳು, ಬಹುಶಃ ಒಂದು ಬೀದಿಯ ಮಕ್ಕಳೆಲ್ಲ ಸೇರಿ ಆಡಿವೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಬಲವಾದ ಸಾಕ್ಷ್ಯ ಸೇರಿಕೊಂಡಿದೆ. ಮರದ ಎಳೆಯ ವಿನ್ಯಾಸ ಬೆರಳಚ್ಚಿನಂತೆ ಒಂದರದು ಇನ್ನೊಂದಕ್ಕಿಲ್ಲವಾದ್ದರಿಂದ, ಹಳೆಯ ಪತ್ರಿಕೆಗಳ ಸ್ಪಷ್ಟವಾದ ಛಾಯಾಚಿತ್ರಗಳಲ್ಲಿ ಆಟಗಾರ ಹಿಡಿದಿರುವ ಬ್ಯಾಟಿನ ಎಳೆಗಳನ್ನು ಕೈಯಲ್ಲಿರುವ ಬ್ಯಾಟಿನ ಎಳೆಗಳಿಗೆ ಹೋಲಿಸುತ್ತಾರೆ. ಹೊಂದಿದರೆ ಅದಕ್ಕಿಂತ ಮಿಗಿಲಾದ ಪ್ರಮಾಣ ಬೇರೆ ಇಲ್ಲವೆಂಬುದೇ ನನ್ನ ಅಭಿಪ್ರಾಯ. ಪರೀಕ್ಷಾ ಸಂಸ್ಥೆಗಳು ಇವೆಲ್ಲವನ್ನೂ ನೋಡಿ ಹತ್ತರ ಮಾಪಕದಲ್ಲಿ ದರ್ಜೆ ಕೊಡುತ್ತವೆ.

ಬೆಲೆಯ ಮಾತಿಗೆ ಬರೋಣ. 1923ರ ಏಪ್ರಿಲ್ 18ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನ ಮೊತ್ತಮೊದಲ ಪಂದ್ಯದಲ್ಲಿ ಬೇಬ್ ರೂತ್ ಅಲ್ಲಿನ ಮೊದಲ ಹೋಮ್ ರನ್, ಅಂದರೆ ಚೆಂಡನ್ನು ಮೈದಾನದಾಚೆ ಕಳುಹಿಸುವ ಹೊಡೆತ, ಹೊಡೆದ ಬ್ಯಾಟ್ 2004ರ ಡಿಸೆಂಬರಿನಲ್ಲಿ ಸದಬೀಸ್ ಹರಾಜಿನಲ್ಲಿ 12 ಲಕ್ಷ 65 ಸಾವಿರ ಡಾಲರಿಗೆ ಹೋಯಿತು. ಸುಮಾರು 46 ಔನ್ಸ್, ಅಂದರೆ ಒಂದೂಕಾಲು ಕಿಲೋಗೂ ಮಿಕ್ಕಿ ತೂಗುವ ಬ್ಯಾಟ್ ಅದು. ರೂತ್ ಅದರ ಮೇಲೆ ತನ್ನ ಕೈಯಿಂದಲೇ ಬರೆದು, ಲಾಸ್ ಏಂಜಲೀಸಿನ ಶಾಲಾ ಹುಡುಗರ ಸ್ಪರ್ಧೆಯ ವಿಜೇತನಿಗೆ ಬಹುಮಾನವಾಗಿ ಕೊಟ್ಟಿದ್ದ. ಅಲ್ಲಿಂದ ಮುಂದೆ ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದು ತಿಳಿದಿತ್ತು. ಜೂಜುಕೋರರ ಹಗರಣದಲ್ಲಿ ಸಿಕ್ಕಿ ಬದುಕಿರುವಷ್ಟು ಕಾಲವೂ ಆಟದಿಂದ ಹೊರಬಿದ್ದ ಜೋ ಜಾಕ್ಸನ್‌ನ ‘ಬ್ಲ್ಯಾಕ್ ಬೆಟ್ಸಿ’ ಎಂಬ ಕಪ್ಪು ಬ್ಯಾಟ್ 2001ರಲ್ಲಿ 5,77,610 ಡಾಲರಿಗೆ ಮಾರಾಟವಾಯಿತು. ಇವು ಶಿಖರಗಳು. ಸಾಮಾನ್ಯ ಆಟಗಾರನ ಪಂದ್ಯದ ಬ್ಯಾಟನ್ನು ಕೆಲವು ನೂರು ಡಾಲರಿಗೆ ಇಂದಿಗೂ ಕೊಳ್ಳಬಹುದು. ನನಗೆ ಹಣವಿದ್ದರೆ ನಾನು ಕೊಳ್ಳುವುದು ಅಂಥದ್ದನ್ನೇ, ಏಕೆಂದರೆ ಅದರ ಮೇಲೆ ನಕಲಿ ಗುರುತು ಮಾಡಿ ಯಾರಿಗೂ ಲಾಭವಿಲ್ಲ.

ಒಂದು ಸಂಗತಿ ನನ್ನನ್ನು ತುಂಬ ನೋಯಿಸಿದ್ದರಿಂದ ಇಲ್ಲಿ ಹೇಳದೆ ಇರಲಾರೆ. 1999ರಲ್ಲಿ ಅಪ್ಪರ್ ಡೆಕ್ ಎಂಬ, ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡುಗಳ ಕಂಪನಿ ರೂತ್ ಆಡಿದ ಒಂದು ಬ್ಯಾಟನ್ನು ಕೊಂಡು, ಚೂರು ಚೂರಾಗಿ ಕೊಯ್ದು, ಒಂದೊಂದು ಚೂರನ್ನು ಒಂದೊಂದು ಕಾರ್ಡಿನಲ್ಲಿ ಅಂಟಿಸಿ ಪೊಟ್ಟಣಗಳಲ್ಲಿ ಮಾರಿತು. ಚೂರಿನಲ್ಲಿ ಮುದ್ರೆಯಿಲ್ಲ, ಹೊಲಿಗೆಯ ಗುರುತಿಲ್ಲ, ಯಾವ ಪಕ್ಕದಿಂದ ಹೊಡೆದನೆಂಬುದಿಲ್ಲ. ಅದರ ಒಡೆಯನಿಗೆ ಉಳಿಯುವುದು ಕಂಪನಿಯ ಮಾತು ಮಾತ್ರ. ಇಂಥ ಬ್ಯಾಟುಗಳನ್ನು ಇಡಿಯಾಗಿ ಕಾಪಾಡುವುದು ಕೊಂಡವರ ಹೊಣೆಯೆಂದೇ ನಾನು ತಿಳಿದಿದ್ದೇನೆ.

ನಿಮ್ಮ ಸ್ನೇಹಿತರ ಮಗನಿಗೆ ಹೀಗೆ ತಿಳಿಸಿ. ಆ ಬ್ಯಾಟ್ ನಕಲಿಯಲ್ಲ, ಹಳೆಯ ಕಾಲದ ಅಂಗಡಿಯ ಬ್ಯಾಟ್. ಮನೆಯಲ್ಲಿಟ್ಟುಕೊಳ್ಳುವ ಆಸೆಯಿದ್ದರೆ ನೂರು ಡಾಲರಿನ ಆಸುಪಾಸಿನಲ್ಲಿ ಕೇಳಲಿ, ಅದಕ್ಕಿಂತ ಬಹಳ ಮೇಲೆ ಹೋಗುವುದು ಬೇಡ. ವ್ಯಾಪಾರಿ ಅವರ ಅಜ್ಜ ಹೇಳಿದ್ದು, ಇವರ ಮಾವ ಮೈದಾನದಲ್ಲಿ ಕೆಲಸ ಮಾಡಿದ್ದು ಎಂದು ಎಷ್ಟೇ ಕಥೆ ಹೇಳಿದರೂ, ಗುಬಟಿನ ಮೇಲಿನ ಆ ಎರಡು ಅಂಕಿಗಳ ಮುಂದೆ ಅವು ನಿಲ್ಲುವುದಿಲ್ಲ. ಮುಂದೆ ಬೇರೆ ಯಾವುದಾದರೂ ಬ್ಯಾಟ್ ಕಣ್ಣಿಗೆ ಬಿದ್ದರೆ ಗುಬಟಿನ ತಳ, ಮುದ್ರೆ, ಬ್ಯಾರಲ್‌ನ ನಾಲ್ಕೂ ಪಕ್ಕಗಳು, ಹಿಡಿಯ ಸೀಳು, ಇಷ್ಟರ ಫೋಟೋಗಳನ್ನು ಹಗಲ ಬೆಳಕಿನಲ್ಲಿ ತೆಗೆದು, ಉದ್ದ ಮತ್ತು ತೂಕವನ್ನು ಬರೆದು ನನಗೇ ನೇರವಾಗಿ ಕಳುಹಿಸಲಿ. ನಮ್ಮ ಬೀದಿಯ ಹಿರಿಯರಿಗೆ ತೋರಿಸಿ ಉತ್ತರ ಬರೆಯುತ್ತೇನೆ. ಒರೆಸಿ ತೊಳೆದು ಹೊಳಪು ಕೊಡುವ ಕೆಲಸಕ್ಕೆ ಮಾತ್ರ ಕೈಹಾಕದಿರಲಿ. ಟಾರು ಹೋದರೆ, ಶಾಯಿಯ ಕಲೆ ಹೋದರೆ, ಬೆಲೆಯೂ ಅದರೊಡನೆ ಹೋಗುತ್ತದೆ.

ಚಿಕ್ಕಮ್ಮನವರಿಗೆ ನನ್ನ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು. ಆ್ಯಶ್ ಮರದ ಒಂದು ಸಣ್ಣ ತುಂಡನ್ನು, ಎರಡೂ ಮುಖಗಳು ಕಾಣುವಂತೆ ಕೊಯ್ಸಿ, ಮುಂದಿನ ತಿಂಗಳು ಊರಿಗೆ ಬರುವ ಗೆಳೆಯನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಮ್ಮ ಕಡೆಯ ಯಾವ ಮರ ಇದಕ್ಕೆ ಸರಿದೂಗೀತೆಂದು ನೋಡಿ ಬರೆಯಿರಿ.

ಇತಿ ತಮ್ಮ ಆಶೀರ್ವಾದವನ್ನು ಬೇಡುವ,
ನಿಮ್ಮ ಅಣ್ಣನ ಮಗ