ಹೊಳೆಗೆ ಇಳಿಯುವ ಮುಂಚೆ ಇದನ್ನೊಂದು ಓದು

ಸುಂಟಿಕೊಪ್ಪ
ಭಾನುವಾರ ಸಂಜೆ

ಪುಟ್ಟಿ,

ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ ಅಂದವಳು ಬೆಳಿಗ್ಗೆಯೇ ಹೇಳದೆ ಕೇಳದೆ ಹೊರಟುಬಿಟ್ಟೆ. ರಾತ್ರಿ ಆಡಿದ ಮಾತನ್ನೆಲ್ಲ ಮತ್ತೆ ಬರೆಯೋಲ್ಲ, ನಿನಗೂ ನೆನಪಿದೆ, ನನಗೂ ನೆನಪಿದೆ. ಸ್ಕ್ರಿಪ್ಟ್ ಮಾತ್ರ ಮೇಜಿನ ಮೇಲೇ ಇತ್ತು. ಮರೆತೆಯೋ, ಅಮ್ಮ ಓದಲಿ ಅಂತ ಬಿಟ್ಟೆಯೋ ಗೊತ್ತಿಲ್ಲ. ಓದಿದೆ. ಮೇಷ್ಟ್ರಗಿರಿ ಬುದ್ಧಿ ಎಲ್ಲಿ ಹೋಗುತ್ತೆ, ಕೆಂಪು ಪೆನ್ನೂ ಹುಡುಕಿದೆ. ಸಿಗಲಿಲ್ಲ, ನಿನ್ನ ಪುಣ್ಯ.

ಕಥೆಗಾರ್ತಿ ಕೊಡಗಿನ ಗೌರಮ್ಮನ ಮೇಲೆ ಸಿನಿಮಾ ಮಾಡಬೇಕು ಅಂತ ನಿನಗೆ ಹೊಳೆಯಿತಲ್ಲ, ಅದಕ್ಕೇ ನನಗೆ ಎಷ್ಟು ಹೆಮ್ಮೆ ಅಂತ ರಾತ್ರಿ ಹೇಳೋಕೆ ಆಗಲಿಲ್ಲ. ಆಕೆ ಬಾಳಿದ ಗುಂಡುಗುಟ್ಟಿ ತೋಟದ ಕಡೆಯಿಂದಲೇ ಬರುತ್ತಿದ್ದ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತು "ಅದ್ಯಾರು ಮಿಸ್ ಗೌರಮ್ಮ?" ಅಂತ ಕೇಳುತ್ತಿದ್ದರು. ಆಕೆ ಒಲೆ ಮುಂದೆ ಕೂತು ಬರೆಯುವ ಸೀನ್ ಓದಿ ಸುಮ್ಮನಾಗಿಬಿಟ್ಟೆ. ಪೆನ್ನಿಗೆ ಶಾಯಿ ತುಂಬುವಾಗ ಬೆರಳಿಗೆ ಮೆತ್ತಿದ್ದನ್ನು ಸೆರಗಿಗೆ ಒರೆಸಿಕೊಳ್ಳದೆ ಒಲೆಯ ಬೂದಿ ಚಿಟಿಕೆ ತೆಗೆದು ಉಜ್ಜಿಕೊಳ್ಳುತ್ತಾಳಲ್ಲ, ಅದು ನಿನ್ನ ಅಜ್ಜಿ. ತೋಟದ ಲೆಕ್ಕ ಬರೆದು ಎದ್ದಾಗಲೆಲ್ಲ ಹಾಗೇ ಮಾಡುತ್ತಿದ್ದರು. ನೀನು ನೋಡಿದಾಗ ಇಷ್ಟುದ್ದ ಇದ್ದೆ.

ಆದರೆ ಆ ಮಳೆ ಯಾಕೆ ಮಾರಾಯ್ತಿ? ಮೊದಲ ಸೀನೇ ಧೋ ಅಂತ ಮಳೆ, ಮಂಜು, ಕೆಂಪು ಹೊಳೆ, ಅದರಲ್ಲಿ ಮುಳುಗುವ ಗೌರಮ್ಮ. ಹೊರಗಿನವರು ಕೊಡಗು ಅಂದರೆ ಮಳೆ ಅಂದುಕೊಂಡಿದ್ದಾರೆ, ಬಿಡು. 2006ರಲ್ಲಿ ಆ ‘ಮುಂಗಾರು ಮಳೆ’ ಬಂತು, ಕಥೆ ಮಡಿಕೇರಿಯದು, ಜಲಪಾತ ಜೋಗದ್ದು! ನೋಡಿ ನಾನೂ ಅತ್ತವಳೇ, ಅದು ಬೇರೆ ಮಾತು. ನೀನು ಇಲ್ಲಿಯವಳು. ಗೌರಮ್ಮ ತೀರಿಕೊಂಡದ್ದು 1939ರ ಏಪ್ರಿಲ್ 13. ಏಪ್ರಿಲ್‌ನಲ್ಲಿ ನಮ್ಮಲ್ಲಿ ಹೇಗಿರುತ್ತೆ? ಕಾಫಿ ಹೂ ಮುಗಿದಿರುತ್ತೆ, ಇನ್ನೊಂದು ಮಳೆ ಬಿದ್ದರೆ ಕಾಯಿ ನಿಲ್ಲುತ್ತೆ ಅಂತ ಎಲ್ಲರೂ ಆಕಾಶ ನೋಡುತ್ತಿರುತ್ತಾರೆ. ಹೊಳೆ ಸೊರಗಿ, ತಳದ ಕಲ್ಲು ಕಾಣುವಷ್ಟು ತಿಳಿಯಾಗಿರುತ್ತೆ. ಗುಂಡಿ ಇರುವ ಕಡೆ ಮಾತ್ರ ನೀರು ಹಸಿರು. ಬಿಸಿಲಿಗೆ ಇಳಿಯಬೇಕು ಅನಿಸುವುದೇ ಅಂಥ ನೀರಿಗೆ. ನೋಡಿದರೆ ಯಾರಿಗೂ ಭಯ ಬರಲ್ಲ.

ಆ ನೀರು ನನಗೆ ಗೊತ್ತು. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಅತ್ತೆ ಮನೆ ಹಿಂದಿನ ಹೊಳೆಗೆ ಹೋಗಿದ್ದೆಯಲ್ಲ. ನಿನಗೆ ಅದು ತಮಾಷೆ, ನೆಂಟರ ಮುಂದೆಲ್ಲ ಹೇಳಿ ನಗುತ್ತೀಯ. ನಾನು ಕಂಡದ್ದು ಬಂಡೆ ಮೇಲೆ ಜೋಡಿಸಿಟ್ಟ ನಿನ್ನ ನೀಲಿ ಹವಾಯಿ ಚಪ್ಪಲಿ. ಬಾರು ಕಿತ್ತು ಹೋಗಿದ್ದಕ್ಕೆ ನಾನೇ ಪಿನ್ನು ಚುಚ್ಚಿ ಕೊಟ್ಟಿದ್ದೆ. ನೀರು ಅಲ್ಲಾಡುತ್ತಿರಲಿಲ್ಲ. ನಾನು ಕೂಗಲಿಲ್ಲ, ಅತ್ತೆಯನ್ನೂ ಕರೆಯಲಿಲ್ಲ, ಆ ಪಿನ್ನನ್ನೇ ನೋಡುತ್ತಾ ನಿಂತೆ. ನೀನು ಆಚೆ ದಡದಲ್ಲಿ ಸೀಬೆ ಮರ ಹತ್ತಿ ಕೂತಿದ್ದೆ. ಬಾಯ್ತುಂಬ ಹಣ್ಣು ಇಟ್ಟುಕೊಂಡು "ಅಮ್ಮಾ" ಅಂದೆ. ನಿನಗೆ ಬಿದ್ದ ಏಟು ನಿನಗೆ ನೆನಪಿದೆ. ಚಪ್ಪಲಿ ಎಷ್ಟು ನೀಟಾಗಿ ಇಟ್ಟಿದ್ದೆ ಅನ್ನೋದು ನಿನಗೆ ನೆನಪಿರಲಿಕ್ಕಿಲ್ಲ. ಮನೆಯಲ್ಲಿ ಯಾವತ್ತೂ ಹಾಗೆ ಬಿಟ್ಟವಳಲ್ಲ. ಅವತ್ತು ಯಾಕೆ ಹಾಗಿಟ್ಟೆ ಅಂತ ಈಗಲೂ ಯೋಚನೆ ಬರುತ್ತೆ. ಕೇಳಿದರೆ ನಗುತ್ತೀಯ ಅಂತ ಕೇಳಿಲ್ಲ.

ಈಗ ಬೆಂಗಳೂರಿನಲ್ಲಿ ಈಜು ಕಲಿಯುತ್ತಿದ್ದೇನೆ, ದುಡ್ಡಿಲ್ಲ, ಗೌರಮ್ಮನಾಗಿ ಹೊಳೆಗೆ ನಾನೇ ಇಳೀತೀನಿ ಅಂತೀಯ. ಅದೂ ಹಾರಂಗಿ ಹಿನ್ನೀರಿನಲ್ಲಿ! 1939ರಲ್ಲಿ ಹಾರಂಗಿಗೆ ಅಣೆಕಟ್ಟೇ ಇರಲಿಲ್ಲ, ಅದು ನಿನ್ನ ಸಿನಿಮಾದ ತಪ್ಪು. ಹಿನ್ನೀರಿನ ತಳದಲ್ಲಿ ಕೆಸರು, ಮುಳುಗಿದ ಮರದ ಬೊಡ್ಡೆ. ಈಜುಕೊಳದಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬರಲ್ಲ. ಗೌರಮ್ಮನಿಗೇನು ಈಜು ಬರುತ್ತಿರಲಿಲ್ಲವೇ? ಟೆನ್ನಿಸ್ ಆಡುತ್ತಿದ್ದ ಗಟ್ಟಿ ಹೆಂಗಸು. ಆಗ ಆಕೆಗೆ ಇಪ್ಪತ್ತೇಳು. ಬರುವ ತಿಂಗಳು ನಿನಗೂ ಇಪ್ಪತ್ತೇಳು. ಇದನ್ನು ಬರೆಯಬಾರದು ಅಂದುಕೊಂಡೇ ಕೂತಿದ್ದೆ.

ಅಜ್ಜಿ ಕಾವೇರಿ ಕಥೆ ಹೇಳುವಾಗ ಯಾವಾಗಲೂ ಕಾವೇರಿ ಕಡೆಯೇ. ಬಿಟ್ಟು ಹೋಗಲ್ಲ ಅಂತ ಮಾತು ಕೊಟ್ಟ ಅಗಸ್ತ್ಯ ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದ, ಹರಿದು ಹೋದಳು, ಸರಿಯಾಗಿ ಮಾಡಿದಳು ಅನ್ನುವರು. ನೀನೂ ತಲೆ ಆಡಿಸುತ್ತಿದ್ದೆ. ನನಗೆ ಬಲಮುರಿಯಲ್ಲಿ ಅವಳನ್ನು ತಡೆಯೋಕೆ ಅಡ್ಡ ನಿಂತ ಹೆಂಗಸರದೇ ಚಿಂತೆ. ನೀರಿನ ರಭಸಕ್ಕೆ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಅದಕ್ಕೇ ಕೊಡವ ಹೆಂಗಸರು ನೆರಿಗೆ ಹಿಂದೆ ಉಡುತ್ತಾರೆ ಅಂತ ಅಲ್ಲಿಗೆ ಕಥೆ ಮುಗಿಸುತ್ತಾರೆ. ನಿಂತವರು ಆಮೇಲೆ ಮನೆಗೆ ಹೋಗಿ ಏನು ಮಾಡಿದರು ಅಂತ ಯಾರೂ ಹೇಳಲ್ಲ.

ಮತ್ತೆ ಪಾಠ ಶುರುವಾಯಿತು ಅಂತ ಗೊಣಗಬೇಡ, ಇದೊಂದು ಕೇಳು. ಸಾವಿನಿಂದ ಸಿನಿಮಾ ಶುರು ಮಾಡಬೇಡ. ಹಾಗೆ ಮಾಡಿದರೆ ಆಮೇಲೆ ಆಕೆ ನಕ್ಕರೂ ಜನ ಅಯ್ಯೋ ಪಾಪ ಅನ್ನುತ್ತಾರೆ. ಬೇಂದ್ರೆಯವರಂಥವರು ‘ತಂಗಿ’ ಅಂದು ಪದ್ಯ ಬರೆದ ಹೆಂಗಸು ಆಕೆ, ಅಯ್ಯೋ ಪಾಪ ಯಾಕೆ? 1934ರಿಂದ ಶುರು ಮಾಡು. ಗಾಂಧೀಜಿ ಕೊಡಗಿಗೆ ಬಂದಿದ್ದಾರೆ, ತೋಟದ ಮ್ಯಾನೇಜರ್ ಹೆಂಡತಿ, ಇಪ್ಪತ್ತೆರಡೂ ತುಂಬದ ಹುಡುಗಿ, ಉಪವಾಸ ಕೂತಿದ್ದಾಳೆ. ನಮ್ಮ ಮನೆಗೆ ಬನ್ನಿ, ಹರಿಜನ ನಿಧಿಗೆ ಒಡವೆ ಕೊಡುತ್ತೇನೆ ಅಂತ ಹಟ. ಅವರು ಬಂದರು. ಒಳಗೆ ಅಡುಗೆಮನೆಯಲ್ಲಿ ಆ ಹೊತ್ತು ಏನು ನಡೆದಿತ್ತು, ಬಳೆ ಸಲೀಸಾಗಿ ಬಂತೋ ಸೋಪು ಹಚ್ಚಬೇಕಾಯಿತೋ, ಅದು ನಿನ್ನ ಕೆಲಸ, ನಿನಗೆ ಬರುತ್ತೆ. ಬೂದಿ ಉಜ್ಜುವುದನ್ನು ಬರೆದವಳಿಗೆ ನಾನೇನು ಹೇಳಲಿ.

ರಾತ್ರಿ ಗಂಟಲು ಸ್ವಲ್ಪ ಜೋರಾಯಿತು. ನಿನ್ನದೇನೂ ಕಮ್ಮಿ ಇರಲಿಲ್ಲ.

ಹೊಳೆ ಸೀನ್ ಬೇಕೇ ಬೇಕು ಅಂದರೆ ನನ್ನದೂ ಒಂದು ಷರತ್ತು. ಹಿನ್ನೀರು ಬೇಡ, ಅತ್ತೆ ಮನೆ ಹಿಂದೆಯೇ ಮಾಡು, ಅಲ್ಲಿನ ಗುಂಡಿ ಎಲ್ಲಿದೆ ಅಂತ ಅತ್ತೆಗೆ ಗೊತ್ತು. ಸೊಂಟಕ್ಕೆ ಹಗ್ಗ ಕಟ್ಟಬೇಕು, ಅದರ ಇನ್ನೊಂದು ತುದಿ ನನ್ನ ಕೈಯಲ್ಲಿ. ಕ್ಯಾಮೆರಾದಲ್ಲಿ ಕಾಣದ ಹಾಗೆ ಎಲ್ಲಿ ನಿಲ್ಲಿಸುತ್ತೀಯೋ ನಿಲ್ಲಿಸು. ತಾರೀಕು ಮೊದಲೇ ತಿಳಿಸು. ಮಾರ್ಚ್ ಕೊನೇ ವಾರ ಆಗಲ್ಲ, ಮೆಣಸು ಕುಯ್ಯೋಕೆ ಆಳು ಹೇಳಿದ್ದೇನೆ.

ಅಮ್ಮ