ಹಳೆ ಕಾರನ್ನು ಆನ್‌ಲೈನ್ ಹರಾಜಿಗೆ ಹಾಕುವ ಮುನ್ನ

ಸದಸ್ಯರ ಗಮನಕ್ಕೆ: ಪದ್ಮಿನಿ, ಅಂಬಾಸಡರ್, ವಿಲ್ಲೀಸ್ ಜೀಪು ಹರಾಜಿಗಿಡುವವರು ರಿಸರ್ವ್ ಬೆಲೆಯನ್ನು (ಇದಕ್ಕಿಂತ ಕಡಿಮೆಗೆ ಕೊಡೆನು ಎಂಬ ಬೆಲೆ) ಯೋಚಿಸಿ ಇಡಿ. ಅದು ಮುಟ್ಟದೆ ಹರಾಜು ಮುಗಿದರೆ ಕೊನೆಯ ಕೂಗು ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಮುಂದಿನ ಗಿರಾಕಿ ಅದರ ಮೇಲೆ ಏರಲು ಹಿಂದೆಮುಂದೆ ನೋಡುತ್ತಾನೆ. ಫೋಟೊದಲ್ಲಿ ಬಣ್ಣ ಹೊಳೆಯುತ್ತದೆ, ತಳದ ತುಕ್ಕು ಕಾಣದು. ಬಾಗಿಲ ಕೆಳಪಟ್ಟಿ, ನೆಲದ ತಗಡು, ಚಾಸಿಸ್ (ಗಾಡಿಯ ಅಡಿಚೌಕಟ್ಟು) ಇವನ್ನು ನೀವೇ ತೋರಿಸದಿದ್ದರೆ ಗಾಡಿ ಒಯ್ಯಲು ಬಂದ ದಿನ ಚೌಕಾಸಿ ಮತ್ತೆ ಶುರು. ಆರ್‌ಸಿ ಫೋಟೊ ಹಾಕುವುದೇ ಬೇಡ. ಬೇರೆ ಫೋಟೊಗಳಲ್ಲೂ ಚಾಸಿಸ್ ನಂಬರಿನ ಕೊನೆಯ ಅಂಕಿಗಳನ್ನು ಮುಚ್ಚಿ. ಗೆದ್ದವರು ಹೊರರಾಜ್ಯದವರಾದರೆ ಹೆಸರು ಬದಲಾವಣೆಯ ಫಾರಂ 29, 30ರ ಜೊತೆ ಎನ್‌ಒಸಿಗೆ (ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಫಾರಂ 28 ಬೇಕು. ಹೆಸರು ಬದಲಾಗುವವರೆಗೆ ದಂಡದ ನೋಟಿಸು ನಿಮ್ಮ ಮನೆಗೇ. 50 ವರ್ಷ ದಾಟಿ ವಿಎ (ವಿಂಟೇಜ್ ಗಾಡಿಗಳ ನಂಬರ್ ಸರಣಿ) ನೋಂದಣಿಯಾದ ಗಾಡಿಗೆ ಮರುನೋಂದಣಿ ಶುಲ್ಕ 5,000 ರೂ.; ಯಾರು ಕಟ್ಟುವುದೆಂದು ವಿವರಣೆಯಲ್ಲೇ ಬರೆದುಬಿಡಿ.