ಒಪ್ಪಿದ ಬಿಡಿಭಾಗಗಳನ್ನು ಬದಲಿಸಿ ಗೇಮಿಂಗ್ ಕಂಪ್ಯೂಟರ್ ಕಳುಹಿಸಿರುವ ಕುರಿತು ದೂರು

ತುಮಕೂರು
16-10-2023

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕಂಪ್ಯೂಟರ್ ಮಾರಾಟ ಮತ್ತು ಜೋಡಣೆ ವಿಭಾಗ,
ಬೆಂಗಳೂರು

ಮಾನ್ಯರೇ,

ತಮ್ಮ ಸಲಹೆಗಾರರೊಂದಿಗೆ ಮಾತನಾಡಿ, ಒಂದೊಂದು ಬಿಡಿಭಾಗವನ್ನೂ ಆಯ್ದು, ಪೂರ್ತಿ ಹಣವನ್ನು ಮುಂಗಡವಾಗಿಯೇ ಪಾವತಿಸಿ ತಮ್ಮ ಜಾಲತಾಣದ ಮೂಲಕ ತರಿಸಿಕೊಂಡ ಗೇಮಿಂಗ್ ಕಂಪ್ಯೂಟರಿನಲ್ಲಿ, ದರಪಟ್ಟಿಯಲ್ಲಿದ್ದ ಮೂರು ಭಾಗಗಳ ಜಾಗದಲ್ಲಿ ಅವುಗಳಿಗಿಂತ ಕೆಳದರ್ಜೆಯ ಭಾಗಗಳಿವೆ. ಈ ಬದಲಾವಣೆಗೆ ಯಾರೂ ನನ್ನ ಒಪ್ಪಿಗೆ ಕೇಳಲಿಲ್ಲ, ಮುಂಚಿತವಾಗಿ ತಿಳಿಸಲೂ ಇಲ್ಲ. ಗ್ರಾಹಕ ಸೇವೆಯವರನ್ನು ವಿಚಾರಿಸಿದಾಗ ಬಂದ ಉತ್ತರ ‘ಎಲ್ಲವೂ ಸಮಾನ ಭಾಗಗಳೇ’ ಎಂಬುದಷ್ಟೇ. ಅವು ಹೇಗೆ ಸಮಾನವಲ್ಲ ಎಂಬುದನ್ನು ದಾಖಲೆಗಾಗಿ ಈ ಪತ್ರದಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮಾನಿಟರ್ ಹೊರತುಪಡಿಸಿ ಐವತ್ತು ಸಾವಿರ ರೂಪಾಯಿಯ ಮಿತಿಯೊಳಗೆ ನಾವು ಒಪ್ಪಿದ್ದು ಎಎಂಡಿ ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್ ಕಡ್ಡಿಗಳು, 4 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಮತ್ತು ವಿದ್ಯುತ್ ದಕ್ಷತೆಯ 80 ಪ್ಲಸ್ ಬ್ರಾಂಜ್ ಗುರುತಿನ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ 550 ವ್ಯಾಟ್ ಎಸ್‌ಎಂಪಿಎಸ್. ಬಂದ ಕಂಪ್ಯೂಟರಿನಲ್ಲಿ ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್ ಸರಿಯಾಗಿವೆ. ಆದರೆ ಪ್ರೊಸೆಸರ್ ರೈಜೆನ್ 5 5500, ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ, ಎಸ್‌ಎಂಪಿಎಸ್ ಯಾವ ದಕ್ಷತೆಯ ಗುರುತೂ ಇಲ್ಲದ್ದು. ಹೊರಗಿನಿಂದ ನೋಡುವವರಿಗೆ ‘ರೈಜೆನ್ 5, 16 ಜಿಬಿ’ ಎಂಬ ಮಾತು ಈಗಲೂ ನಿಜವೇ. ನನ್ನ ಆಕ್ಷೇಪಣೆ ಇರುವುದೂ ಅಲ್ಲಿಯೇ, ಏಕೆಂದರೆ ಬದಲಾವಣೆ ನಡೆದಿರುವುದು ಜಾಹೀರಾತಿನ ಸಾಲಿನಲ್ಲಿ ಕಾಣದ ಜಾಗಗಳಲ್ಲಿ ಮಾತ್ರ.

ಆರ್‌ಎಕ್ಸ್ 6500 ಎಕ್ಸ್‌ಟಿ ಮಿತಿಗಳಿರುವ ಕಾರ್ಡು ಎಂಬುದು ನನಗೆ ತಿಳಿದೇ ಇತ್ತು. ಆಟವನ್ನು ರೆಕಾರ್ಡ್ ಮಾಡಲು ಬೇಕಾದ ವಿಡಿಯೋ ಎನ್‌ಕೋಡರ್ ಅದರಲ್ಲಿಲ್ಲ, ಅದರ ಮೆಮೊರಿಗೆ ಹೋಗುವ ದಾರಿ (ಮೆಮೊರಿ ಬಸ್) 64 ಬಿಟ್ ಮಾತ್ರ. ಈ ಬೆಲೆಗೆ ಇಷ್ಟು ಸಾಕೆಂದು ಒಪ್ಪಿಯೇ ಕೊಂಡಿದ್ದೇನೆ, ಆ ಬಗ್ಗೆ ದೂರಿಲ್ಲ. ಆದರೆ ಈ ಕಾರ್ಡನ್ನು ಆಯ್ದುಕೊಳ್ಳುವವರು ಮರೆಯಬಾರದ ಸಂಗತಿಯೊಂದನ್ನು ತಮ್ಮ ಸಲಹೆಗಾರರೇ ನನಗೆ ಒತ್ತಿ ಹೇಳಿದ್ದರು. ಈ ಕಾರ್ಡು ಪ್ರೊಸೆಸರಿನೊಂದಿಗೆ ಮಾತನಾಡುವುದು ಪಿಸಿಐಇ ಎಂಬ ಸಂಪರ್ಕ ಮಾರ್ಗದ ನಾಲ್ಕೇ ಲೇನ್‌ಗಳ ಮೂಲಕ. ಆದ್ದರಿಂದ ಪಿಸಿಐಇ 4.0 ಆವೃತ್ತಿ ಇರುವ ಪ್ರೊಸೆಸರ್ ಮತ್ತು ಬೋರ್ಡ್ ಎರಡೂ ಇರಲೇಬೇಕು. ನಾಲ್ಕು ಲೇನ್‌ಗಳಲ್ಲಿ 4.0 ಇದ್ದರೆ ಸೆಕೆಂಡಿಗೆ ಸುಮಾರು 8 ಜಿಬಿ ಮಾಹಿತಿ ಹಾಯುತ್ತದೆ, 3.0 ಆದರೆ ಅದರ ಅರ್ಧ. ರೈಜೆನ್ 5 5600 ಪಿಸಿಐಇ 4.0 ಕೊಡುತ್ತದೆ, 5500 ಕೊಡುವುದು 3.0 ಮಾತ್ರ. ಕೆರೆ ತುಂಬಿದ್ದರೂ ತೂಬನ್ನು ಅರ್ಧಕ್ಕೆ ಎತ್ತಿಟ್ಟರೆ ಗದ್ದೆಗೆ ಹೋಗುವ ನೀರು ಅಷ್ಟೇ ಎನ್ನುವಂತೆ, 4.0 ಇರುವ ಬಿ550 ಬೋರ್ಡಿಗೆ ನಾನು ಹೆಚ್ಚು ಹಣ ಕೊಟ್ಟದ್ದು ಈ ಒಂದು ಪ್ರೊಸೆಸರಿನಿಂದ ವ್ಯರ್ಥವಾಗಿದೆ. ಗ್ರಾಫಿಕ್ಸ್ ಕಾರ್ಡಿನ ಸ್ಥಿತಿ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ, ಆಟ ನಡೆಯುತ್ತಿರುವಾಗಲೂ, ಕಾರ್ಡು ನಾಲ್ಕು ಲೇನ್‌ಗಳಲ್ಲಿ 3.0 ವೇಗಕ್ಕೇ ನಿಂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆ ಪರದೆಯ ಚಿತ್ರವನ್ನು ಲಗತ್ತಿಸಿದ್ದೇನೆ.

ಇದು ಕಾಗದದ ಮೇಲಿನ ಅಂಕಿಯಲ್ಲ. ಆಟದ ಟೆಕ್ಸ್‌ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ಕಾರ್ಡಿನ 4 ಜಿಬಿಯಲ್ಲಿ ಹಿಡಿಸದೇ ಹೋದಾಗ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ಇದೇ ದಾರಿಯಲ್ಲಿ ತರಿಸಿಕೊಳ್ಳಬೇಕು. ದಾರಿ ಅರ್ಧವಾಗಿರುವುದರ ಜೊತೆಗೆ ರ‍್ಯಾಮ್ ಕೂಡ ಒಂದೇ ಕಡ್ಡಿಯಾಗಿರುವುದರಿಂದ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ಮಾಹಿತಿ ದಾರಿಯಲ್ಲಿ, ನಡೆಯುತ್ತಿದೆ. 3200 ವೇಗದಲ್ಲಿ ಒಂದು ಚಾನೆಲ್‌ನ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 25.6 ಜಿಬಿ, ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದ್ದರೆ 51.2 ಜಿಬಿ ಆಗುತ್ತಿತ್ತು. ಇದರ ಮೇಲೆ 5600ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 5500ರಲ್ಲಿ 16 ಎಂಬಿ ಮಾತ್ರ. ಹೀಗೆ ಪ್ರತಿಯೊಂದು ಬದಲಾವಣೆಯೂ ಉಳಿದದ್ದರ ಕೊರತೆಯನ್ನು ಹೆಚ್ಚಿಸುವಂಥದ್ದೇ ಆಗಿರುವುದರಿಂದ, ಟೆಕ್ಸ್‌ಚರ್ ಮಟ್ಟವನ್ನು ಸ್ವಲ್ಪ ಏರಿಸಿದರೂ ಚಿತ್ರ ಕ್ಷಣಕ್ಷಣಕ್ಕೂ ತಡವರಿಸುತ್ತದೆ.

ತಮ್ಮ ಪ್ರತಿನಿಧಿಯೊಬ್ಬರು ದೂರವಾಣಿಯಲ್ಲಿ, 5600ರ ಮೂಲ ವೇಗ 3.5 ಗಿಗಾಹರ್ಟ್ಸ್, 5500ರದ್ದು 3.6, ಹಾಗಾಗಿ ನನಗೆ ಲಾಭವೇ ಆಗಿದೆ ಎಂದು ವಾದಿಸಿದರು. ಅಂಕಿ ಸರಿಯೇ ಇದೆ. ಗರಿಷ್ಠ ವೇಗ 5600ಕ್ಕೆ 4.4, 5500ಕ್ಕೆ 4.2 ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ ಇವೆಯೆಂಬುದೇ ಸಮಾನತೆಗೆ ಸಾಕ್ಷಿಯಾಗುವುದಾದರೆ, ಎರಡಕ್ಕೂ ತಮ್ಮ ಜಾಲತಾಣದಲ್ಲೇ ಬೇರೆ ಬೇರೆ ಬೆಲೆ ಏಕಿದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಎಸ್‌ಎಂಪಿಎಸ್ ಮೇಲೆ ದೊಡ್ಡ ಅಕ್ಷರದಲ್ಲಿ 500 ಎಂದಿದೆ. ಪಕ್ಕದ ಚೀಟಿಯಲ್ಲಿ, ಪ್ರೊಸೆಸರ್ ಮತ್ತು ಕಾರ್ಡಿಗೆ ವಿದ್ಯುತ್ ಕೊಡುವ 12 ವೋಲ್ಟ್ ಸಾಲಿಗೆ ಇರುವುದು 20 ಆಂಪಿಯರ್, ಅಂದರೆ 240 ವ್ಯಾಟ್. ಪ್ರೊಸೆಸರಿಗೆ 65, ಕಾರ್ಡಿಗೆ 107 ವ್ಯಾಟ್ ಎಂದು ಲೆಕ್ಕ ಹಾಕಿದರೆ ಇಂದಿನ ಮಟ್ಟಿಗೆ ನಡೆಯಬಹುದೆಂದು ಒಪ್ಪುತ್ತೇನೆ. ಆದರೆ ಮುಂದೆ ಆರ್‌ಎಕ್ಸ್ 6600ರಂಥ 132 ವ್ಯಾಟ್‌ನ ಕಾರ್ಡು ಹಾಕಲೆಂದೇ ನಾನು 550 ವ್ಯಾಟ್‌ನದ್ದಕ್ಕೆ ಹಣ ಕೊಟ್ಟಿದ್ದೇನೆ.

ಬಿಲ್ಲಿನ ವಿಷಯ ಇನ್ನೂ ಗಂಭೀರವಾದದ್ದು. ಶೇ. 18 ಜಿಎಸ್‌ಟಿ ಸೇರಿಸಿ ಕೊಟ್ಟಿರುವ ಬಿಲ್ಲಿನಲ್ಲಿ ‘ಗೇಮಿಂಗ್ ಪಿಸಿ, 1’ ಎಂಬ ಒಂದೇ ಸಾಲಿದೆ. ಬಿಡಿಭಾಗಗಳ ಹೆಸರಿಲ್ಲ, ಕ್ರಮಸಂಖ್ಯೆಗಳಿಲ್ಲ, ಪ್ರೊಸೆಸರಿನ ಮೂಲ ಪೆಟ್ಟಿಗೆಯೂ ಬಂದಿಲ್ಲ. ಎಎಂಡಿ ಮೂರು ವರ್ಷದ ಖಾತರಿ ಕೊಡುವುದು ಪೆಟ್ಟಿಗೆಯಲ್ಲಿ ಮಾರಾಟವಾದ ಪ್ರೊಸೆಸರುಗಳಿಗೆ. ನಾಳೆ ಯಾವುದಾದರೂ ಭಾಗ ಕೆಟ್ಟರೆ ಈ ಬಿಲ್ಲು ಹಿಡಿದು ನಾನು ಯಾವ ಸೇವಾ ಕೇಂದ್ರದ ಬಾಗಿಲಿಗೆ ಹೋಗಬೇಕು?

ದರಪಟ್ಟಿಯ ಕೊನೆಯಲ್ಲಿ, ದಾಸ್ತಾನಿಲ್ಲದ ಪಕ್ಷದಲ್ಲಿ ‘ಗ್ರಾಹಕರ ಒಪ್ಪಿಗೆ ಪಡೆದು ಸಮಾನ ಅಥವಾ ಉತ್ತಮ ಭಾಗ’ ನೀಡಲಾಗುವುದು ಎಂಬ ನಿಬಂಧನೆಯನ್ನು ತಾವೇ ಬರೆದಿದ್ದೀರಿ. ಅದರ ಎರಡೂ ಅರ್ಧಗಳನ್ನು ತಾವು ಪಾಲಿಸಿಲ್ಲ. ಕಂಪ್ಯೂಟರನ್ನು ನಾನೇ ಬೆಂಗಳೂರಿನ ಅಂಗಡಿಗೆ ತಂದರೆ ‘ನೋಡೋಣ’ ಎಂಬ ಸಲಹೆಯೂ ಒಪ್ಪತಕ್ಕದ್ದಲ್ಲ. ಗಾಜಿನ ಪಕ್ಕೆಯ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮಾರು 70 ಕಿ.ಮೀ. ಬಸ್ಸಿನಲ್ಲಿ ಬರುವ ಶ್ರಮವೂ ಖರ್ಚೂ ಗ್ರಾಹಕನದ್ದಾಗಲು ಕಾರಣವಿಲ್ಲ.

ಆದ್ದರಿಂದ ದರಪಟ್ಟಿಯಲ್ಲಿದ್ದ ರೈಜೆನ್ 5 5600 ಪ್ರೊಸೆಸರನ್ನು ಅದರ ಪೆಟ್ಟಿಗೆಯ ಸಮೇತ, 8 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳನ್ನು ಹಾಗೂ ಒಪ್ಪಿದ ದರ್ಜೆಯ ಎಸ್‌ಎಂಪಿಎಸ್ ಅನ್ನು ತಮ್ಮ ತಂತ್ರಜ್ಞರ ಮೂಲಕ ತುಮಕೂರಿನ ನನ್ನ ಮನೆಯಲ್ಲೇ ಜೋಡಿಸಿಕೊಟ್ಟು, ಪ್ರತಿ ಭಾಗದ ಮಾದರಿ ಮತ್ತು ಕ್ರಮಸಂಖ್ಯೆ ನಮೂದಿಸಿದ ಬಿಲ್ಲು ನೀಡಬೇಕು. ಅದು ಸಾಧ್ಯವಿಲ್ಲದಿದ್ದರೆ ಕಂಪ್ಯೂಟರನ್ನು ತಮ್ಮ ಖರ್ಚಿನಲ್ಲಿ ವಾಪಸ್ ಪಡೆದು ಪೂರ್ತಿ ಹಣ ಹಿಂದಿರುಗಿಸಬೇಕು. ವ್ಯತ್ಯಾಸದ ಮೊತ್ತಕ್ಕೆ ಮುಂದಿನ ಖರೀದಿಯ ಕೂಪನ್ ಕೊಡುವ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ.

ಇ-ವಾಣಿಜ್ಯ ಕುರಿತ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಈ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಸರಕಿನ ದರ್ಜೆ ಅಥವಾ ಮಾದರಿಯನ್ನು ತಪ್ಪಾಗಿ ಬಿಂಬಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ, ಮತ್ತು ಅದೇ ಕಾಯ್ದೆ ಗ್ರಾಹಕನಿಗೆ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸುವ ಹಕ್ಕನ್ನೂ ಕೊಟ್ಟಿದೆ. ಅವಧಿಯೊಳಗೆ ಪರಿಹಾರ ದೊರೆಯದಿದ್ದಲ್ಲಿ ದರಪಟ್ಟಿ, ಬಿಲ್ಲು, ಮಿಂಚಂಚೆಗಳು ಮತ್ತು ಭಾಗಗಳ ಛಾಯಾಚಿತ್ರಗಳೊಂದಿಗೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ದೂರು ಸಲ್ಲಿಸುತ್ತೇನೆ. ಇವೆಲ್ಲದರ ಪ್ರತಿಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ,
ಕುವೆಂಪುನಗರ, ತುಮಕೂರು